ದಿನಸಿಗೆ ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡ್: ಫೀ ಇರೋದು ಲಾಭವೋ, ಫ್ರೀ ಕಾರ್ಡ್ ಸಾಕೋ? ನಾಲ್ಕು ತಾಲ್ಲೂಕಿನ ಮನೆ ಲೆಕ್ಕ ಇಲ್ಲಿದೆ

ಶ್ರೀರಂಗಪಟ್ಟಣ/ಪಾಂಡವಪುರ/ಕೆ.ಆರ್.ಪೇಟೆ/ನಾಗಮಂಗಲ: ಪಾಸ್‌ಬುಕ್ ಎಂಟ್ರಿ ಮಾಡಿಸೋಕೆ ಬ್ಯಾಂಕಿಗೆ ಹೋದರೂ ‘ಒಂದು ಕ್ರೆಡಿಟ್ ಕಾರ್ಡ್ ತಗೊಳ್ಳಿ ಸಾರ್’ ಎನ್ನುವ ಕಾಲ ಇದು. ಫೋನಿಗೂ ಬಿಡುವಿಲ್ಲದಂತೆ ಕರೆ ಬರುತ್ತೆ. ‘ದಿನಸಿ ತಂದರೆ ಶೇ. 5 ವಾಪಸ್’, ‘ಲೈಫ್‌ಟೈಮ್ ಫ್ರೀ’, ‘ಮೊದಲ ವರ್ಷ ಫೀ ಇಲ್ಲ’ ಅನ್ನೋ ಮಾತು ಕೇಳಿ ಅರ್ಜಿ ಹಾಕಿದವರು ಎಷ್ಟೋ ಜನ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಕೂತು ಮೊಬೈಲ್‌ನಲ್ಲೇ ಸೊಪ್ಪು ತರಿಸೋರ ಲೆಕ್ಕ ಬೇರೆ, ಕಿಕ್ಕೇರಿಯಲ್ಲೋ ಚಿನಕುರಳಿಯಲ್ಲೋ ಪರಿಚಯದ ಅಂಗಡಿಯಿಂದ ಸಾಮಾನು ಕಟ್ಟಿಸಿಕೊಂಡು ಬರೋರ ಲೆಕ್ಕ ಬೇರೆ. ವರ್ಷಕ್ಕೆ ಸಾವಿರ ರೂಪಾಯಿ ಫೀ ಕಟ್ಟಿ ತಗೊಂಡ ಕಾರ್ಡ್ ಆ ಸಾವಿರವನ್ನಾದರೂ ವಾಪಸ್ ದುಡಿಯುತ್ತಾ? ಈ ಪ್ರಶ್ನೆಗೆ ಉತ್ತರ ಮನೆ ಖರ್ಚಿನ ಚೀಟಿಯಲ್ಲೇ ಇದೆ.

ಅವಸರದಲ್ಲಿ ಇರುವವರಿಗೆ ಮೂರೇ ಮಾತು

- ಸಾಮಾನು ಹೆಚ್ಚಾಗಿ ಊರಿನ ಕಿರಾಣಿ ಅಂಗಡಿ, ಸಂತೆ, ಡೇರಿಯಿಂದ ಬರುತ್ತಿದ್ದರೆ ಫೀ ಇಲ್ಲದ ಕಾರ್ಡ್ ಸಾಕು. ಅದರಲ್ಲೂ ಯುಪಿಐಗೆ ಜೋಡಿಸಬಹುದಾದ ರುಪೇ ಕಾರ್ಡ್ ಇದ್ದರೆ ಮಾತ್ರ ಉಪಯೋಗ.
- ತಿಂಗಳಿಗೆ 2,500 ರೂಪಾಯಿಗೂ ಹೆಚ್ಚು ಸಾಮಾನನ್ನು ಆನ್‌ಲೈನ್‌ನಲ್ಲೇ ತರಿಸುವ ಮನೆಗೆ ಫೀ ಇರುವ ಶೇ. 5ರ ಕಾರ್ಡ್ ಲಾಭ ಕೊಡಬಹುದು.
- ಪ್ರತಿ ತಿಂಗಳು ಪೂರ್ತಿ ಬಿಲ್ಲನ್ನು ಗಡುವಿನೊಳಗೆ ಕಟ್ಟೋಕೆ ಆಗದ ಮನೆಗೆ ಎರಡೂ ಕಾರ್ಡ್ ಬೇಡ.

‘ಫ್ರೀ’ ಅನ್ನೋದರಲ್ಲಿ ಮೂರು ತರ

ಏಜೆಂಟ್ ‘ಫ್ರೀ’ ಅಂದ ತಕ್ಷಣ ಯಾವ ಫ್ರೀ ಅಂತ ಕೇಳಬೇಕು.

ಒಂದು, ಲೈಫ್‌ಟೈಮ್ ಫ್ರೀ. ಕಾರ್ಡ್ ಇರೋವರೆಗೂ ಜಾಯಿನಿಂಗ್ ಫೀ, ವಾರ್ಷಿಕ ಫೀ ಎರಡೂ ಇರಲ್ಲ.

ಎರಡು, ಮೊದಲ ವರ್ಷ ಮಾತ್ರ ಫ್ರೀ. ಎರಡನೇ ವರ್ಷ ಶುರುವಾದ ಕೂಡಲೇ ಫೀ ಬಿಲ್ಲಿಗೆ ಸೇರಿಕೊಳ್ಳುತ್ತೆ. ಮರೆತು ಕೂತವರಿಗೆ ಗೊತ್ತಾಗೋದು ಬಿಲ್ ಬಂದ ಮೇಲೆ.

ಮೂರು, ಇಷ್ಟು ಖರ್ಚು ಮಾಡಿದರೆ ಫೀ ಮಾಫಿ. ಉದಾಹರಣೆಗೆ, 2022ರಲ್ಲಿ ಬಂದ ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡ್‌ಗೆ ವಾರ್ಷಿಕ ಫೀ 999 ರೂ. ಮತ್ತು ತೆರಿಗೆ, ವರ್ಷಕ್ಕೆ 2 ಲಕ್ಷ ರೂ. ಖರ್ಚು ಮಾಡಿದರೆ ಫೀ ವಾಪಸ್ ಅನ್ನೋ ಷರತ್ತಿನೊಂದಿಗೆ ಅದು ಮಾರುಕಟ್ಟೆಗೆ ಬಂತು. ಎರಡು ಲಕ್ಷ ಅಂದರೆ ತಿಂಗಳಿಗೆ ಸುಮಾರು 16,667 ರೂ. ಬರೀ ದಿನಸಿಯಿಂದ ಅಷ್ಟು ಖರ್ಚು ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಆಗಲ್ಲ. ಫೀ ಮಾಫಿ ಮಾಡಿಸಿಕೊಳ್ಳೋಕೆ ಅಂತ ಬೇಡದ ಸಾಮಾನು ತಂದರೆ ಉಳಿಸಿದ್ದಕ್ಕಿಂತ ಕಳಕೊಂಡಿದ್ದೇ ಜಾಸ್ತಿ.

ಇನ್ನೊಂದು ವಿಷಯ. ಫೀ ಎಷ್ಟೇ ಇರಲಿ, ಅದರ ಮೇಲೆ ಶೇ. 18 ಜಿಎಸ್‌ಟಿ ಇದೆ. 499 ರೂ. ಫೀ ನಿಜಕ್ಕೂ 588.82 ರೂ. ಆಗುತ್ತೆ. 999 ರೂ. ಫೀ 1,178.82 ರೂ. ಆಗುತ್ತೆ. ಲೆಕ್ಕ ಹಾಕುವಾಗ ಈ ಎರಡನೇ ಅಂಕಿಯನ್ನೇ ಹಿಡಿಯಬೇಕು.

ಲೆಕ್ಕದ ಸೂತ್ರ: ಒಂದೇ ಭಾಗಾಕಾರ

ಫೀ ಕಾರ್ಡ್ ಮತ್ತು ಫ್ರೀ ಕಾರ್ಡ್ ಎರಡರ ಕ್ಯಾಶ್‌ಬ್ಯಾಕ್ ನಡುವೆ ಎಷ್ಟು ವ್ಯತ್ಯಾಸ ಇದೆ ನೋಡಿ. ತೆರಿಗೆ ಸೇರಿದ ಫೀಯನ್ನು ಆ ವ್ಯತ್ಯಾಸದಿಂದ ಭಾಗಿಸಿ. ಬರುವ ಮೊತ್ತದಷ್ಟು ವರ್ಷಕ್ಕೆ ಖರ್ಚು ಮಾಡಿದರೆ ಎರಡೂ ಕಾರ್ಡ್ ಸಮ. ಅದಕ್ಕಿಂತ ಹೆಚ್ಚು ಖರ್ಚಿದ್ದರೆ ಮಾತ್ರ ಫೀ ಕಾರ್ಡ್ ಲಾಭ.

- ಫೀ 499, ಹೆಚ್ಚುವರಿ ಕ್ಯಾಶ್‌ಬ್ಯಾಕ್ ಶೇ. 0.5 ಇದ್ದರೆ: ವರ್ಷಕ್ಕೆ 1,17,764 ರೂ., ಅಂದರೆ ತಿಂಗಳಿಗೆ ಸುಮಾರು 9,814 ರೂ.
- ಫೀ 499, ಹೆಚ್ಚುವರಿ ಶೇ. 1 ಇದ್ದರೆ: ವರ್ಷಕ್ಕೆ 58,882 ರೂ., ತಿಂಗಳಿಗೆ ಸುಮಾರು 4,907 ರೂ.
- ಫೀ 999, ಹೆಚ್ಚುವರಿ ಶೇ. 2 ಇದ್ದರೆ: ವರ್ಷಕ್ಕೆ 58,941 ರೂ., ತಿಂಗಳಿಗೆ ಸುಮಾರು 4,912 ರೂ.
- ಫೀ 999, ಹೆಚ್ಚುವರಿ ಶೇ. 4 ಇದ್ದರೆ: ವರ್ಷಕ್ಕೆ ಸುಮಾರು 29,471 ರೂ., ತಿಂಗಳಿಗೆ ಸುಮಾರು 2,456 ರೂ.
- ಎರಡೂ ಕಾರ್ಡ್ ಶೇ. 1 ಕೊಡುವ ಜಾಗದಲ್ಲಿ: ಎಷ್ಟು ಖರ್ಚು ಮಾಡಿದರೂ ಫೀ ಹುಟ್ಟಲ್ಲ.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ಎಸ್‌ಬಿಐ ಕ್ಯಾಶ್‌ಬ್ಯಾಕ್‌ನಂಥ ಕಾರ್ಡ್‌ನಲ್ಲಿ ಶೇ. 5 ಅನ್ನೋದು ಆನ್‌ಲೈನ್ ಖರೀದಿಗೆ. ಅಂಗಡಿಗೆ ಹೋಗಿ ಕಾರ್ಡ್ ಉಜ್ಜಿದರೆ ಶೇ. 1 ಮಾತ್ರ. ಶೇ. 1 ಕೊಡೋ ಫ್ರೀ ಕಾರ್ಡ್‌ಗಳು ಬೇಕಾದಷ್ಟಿವೆ. ಪೇಟೆಬೀದಿಯ ಅಂಗಡಿಯಲ್ಲಿ ಉಜ್ಜೋಕೆ ಅಂತ ಸಾವಿರ ರೂಪಾಯಿ ಫೀ ಕಟ್ಟೋದು ದಂಡ.

ಮೂರು ಮನೆ, ಮೂರು ಉತ್ತರ

ಕೆಳಗಿನ ಮೂರೂ ಲೆಕ್ಕಕ್ಕಾಗಿ ಇಟ್ಟುಕೊಂಡ ಉದಾಹರಣೆಗಳು. ನಿಮ್ಮ ಮನೆಯ ಅಂಕಿ ಹಾಕಿಕೊಂಡು ನೋಡಬಹುದು.

*ಮೊದಲ ಮನೆ: ಪಾಂಡವಪುರ ತಾಲ್ಲೂಕಿನ ಹಳ್ಳಿ.* ಅಕ್ಕಿ, ರಾಗಿ, ತೆಂಗಿನಕಾಯಿ ಸ್ವಂತದ್ದು. ಅಂಗಡಿಯಿಂದ ಬರೋದು ಬೇಳೆ, ಎಣ್ಣೆ, ಸಕ್ಕರೆ, ಸೋಪು, ಟೀಪುಡಿ. ತಿಂಗಳಿಗೆ 4,000 ರೂ. ಖರ್ಚು. ಅದರಲ್ಲಿ ಕಾರ್ಡ್ ನಡೆಯುವ ಅಂಗಡಿಯಲ್ಲಿ ಆಗೋದು 2,500 ರೂ. ಉಳಿದದ್ದು ಸಂತೆ, ಮಾಂಸದಂಗಡಿ, ಚಿಲ್ಲರೆ. ಶೇ. 1 ಕೊಡುವ ಫ್ರೀ ಕಾರ್ಡ್‌ನಿಂದ ವರ್ಷಕ್ಕೆ 300 ರೂ. ಸಿಗುತ್ತೆ. 999 ರೂ. ಫೀ ಕಾರ್ಡ್ ಇಟ್ಟುಕೊಂಡರೆ ಅದೇ 300 ರೂ. ಬಂದು, 1,178.82 ರೂ. ಹೋಗುತ್ತೆ. ವರ್ಷಕ್ಕೆ ಹತ್ತಿರ ಹತ್ತಿರ 879 ರೂ. ಕೈಯಿಂದ. ಈ ಮನೆಗೆ ಫೀ ಕಾರ್ಡ್ ಬೇಡವೇ ಬೇಡ.

*ಎರಡನೇ ಮನೆ: ಶ್ರೀರಂಗಪಟ್ಟಣ ಟೌನ್, ಇಬ್ಬರೂ ಕೆಲಸಕ್ಕೆ ಹೋಗುವವರು.* ತಿಂಗಳಿಗೆ 9,000 ರೂ. 4,000 ರೂ. ಸಾಮಾನು ಆನ್‌ಲೈನ್‌ನಲ್ಲಿ, 2,000 ರೂ. ಮೈಸೂರಿನ ಸೂಪರ್‌ಮಾರ್ಕೆಟ್‌ನಲ್ಲಿ, 3,000 ರೂ. ಹಾಲು, ತರಕಾರಿ, ಮಾಂಸಕ್ಕೆ ನಗದು. ಇಲ್ಲಿ ನಾಲ್ಕು ದಾರಿ ಇವೆ.

- ಎಲ್ಲ ಕಡೆ ಶೇ. 1 ಕೊಡುವ ಫ್ರೀ ಕಾರ್ಡ್: ವರ್ಷಕ್ಕೆ 720 ರೂ.
- ಆನ್‌ಲೈನ್‌ಗೆ ಶೇ. 5, ಅಂಗಡಿಗೆ ಶೇ. 1 ಕೊಡುವ 999 ರೂ. ಫೀ ಕಾರ್ಡ್: 2,400 ಮತ್ತು 240 ಸೇರಿ 2,640 ರೂ. ಫೀ ಕಳೆದರೆ 1,461 ರೂ.
- ಒಂದೇ ಆನ್‌ಲೈನ್ ಕಂಪನಿಯ ಹೆಸರಿನ ಫ್ರೀ ಕಾರ್ಡ್. ಅಮೆಜಾನ್ ಪೇ ಐಸಿಐಸಿಐ ಕಾರ್ಡ್ ಈ ಜಾತಿಯದು. ಫೀ ಇಲ್ಲ, ಪ್ರೈಮ್ ಸದಸ್ಯತ್ವ ಇಲ್ಲದವರಿಗೆ ಅಮೆಜಾನ್ ಖರೀದಿಗೆ ಶೇ. 3, ಬೇರೆ ಕಡೆ ಶೇ. 1. ಆನ್‌ಲೈನ್ ಸಾಮಾನೆಲ್ಲ ಅಲ್ಲೇ ತರಿಸಿದರೆ 1,440 ಮತ್ತು 240 ಸೇರಿ 1,680 ರೂ.
- ಅದೇ ಕಾರ್ಡ್‌ಗೆ ಶೇ. 5 ಸಿಗಲಿ ಅಂತ ವರ್ಷಕ್ಕೆ 1,499 ರೂ. ಕೊಟ್ಟು ಪ್ರೈಮ್ ಸದಸ್ಯತ್ವ ತಗೊಂಡರೆ: 2,640 ರೂ. ಬಂದು 1,499 ಹೋಗಿ ಉಳಿಯೋದು 1,141 ರೂ.

ಶೇ. 5 ಅಂತ ದೊಡ್ಡದಾಗಿ ಬರೆದಿದ್ದ ಎರಡೂ ದಾರಿಗಿಂತ ಶೇ. 3ರ ಫ್ರೀ ಕಾರ್ಡ್ ಈ ಮನೆಗೆ ಜಾಸ್ತಿ ಉಳಿಸಿತು. ಪ್ರೈಮ್ ಸದಸ್ಯತ್ವ ಮೊದಲೇ ಬೇರೆ ಕಾರಣಕ್ಕೆ ಇದ್ದರೆ ಲೆಕ್ಕ ಬದಲಾಗುತ್ತೆ, ಆಗ ಪೂರ್ತಿ 2,640 ರೂ. ಲಾಭ. ಆದರೆ ಶೇ. 2 ಹೆಚ್ಚುವರಿ ಕ್ಯಾಶ್‌ಬ್ಯಾಕ್‌ಗಾಗಿಯೇ 1,499 ರೂ. ಕೊಡೋದಾದರೆ ವರ್ಷಕ್ಕೆ ಸುಮಾರು 75 ಸಾವಿರ ರೂಪಾಯಿ ಖರೀದಿ ಅಲ್ಲಿ ಆಗಬೇಕು. ಕಾರ್ಡ್ ಫ್ರೀ ಇದ್ದರೂ ಫೀ ಇನ್ನೊಂದು ಬಾಗಿಲಿಂದ ಒಳಗೆ ಬರಬಹುದು ಅನ್ನೋದಕ್ಕೆ ಇದೇ ಉದಾಹರಣೆ.

*ಮೂರನೇ ಮನೆ: ನಾಗಮಂಗಲದ ಕೂಡು ಕುಟುಂಬ.* ತಿಂಗಳಿಗೆ 15,000 ರೂ. ದಿನಸಿ, ಅದರಲ್ಲಿ 12,000 ರೂ. ಕಾರ್ಡ್ ಮಷಿನ್ ಇರುವ ದೊಡ್ಡ ಅಂಗಡಿಯಲ್ಲಿ. 499 ರೂ. ಫೀ ಇರುವ, ಎಲ್ಲ ಕಡೆ ಶೇ. 1.5 ಕೊಡುವ ಕಾರ್ಡ್ ಸಿಕ್ಕಿದರೆ ವರ್ಷಕ್ಕೆ 2,160 ರೂ. ಬರುತ್ತೆ. ಫೀ ಕಳೆದು 1,571 ರೂ. ಶೇ. 1ರ ಫ್ರೀ ಕಾರ್ಡ್‌ನಿಂದ 1,440 ರೂ. ವ್ಯತ್ಯಾಸ ವರ್ಷಕ್ಕೆ ಬರೀ 131 ರೂ. ಇಷ್ಟು ಸಣ್ಣ ಲಾಭಕ್ಕೆ ಫೀ ತಾರೀಖು, ಮಾಫಿ ಷರತ್ತು ಎಲ್ಲ ನೆನಪಿಟ್ಟುಕೊಳ್ಳೋ ತಲೆನೋವು ಬೇಕಾ ಅಂತ ಮನೆಯವರೇ ತೀರ್ಮಾನ ಮಾಡಬೇಕು.

ನಮ್ಮ ಅಂಗಡಿಯಲ್ಲಿ ಕಾರ್ಡ್ ನಡೆಯುತ್ತಾ?

ಕಾಗದದ ಮೇಲಿನ ಲೆಕ್ಕ ಸರಿ ಇದ್ದರೂ ಅಂಗಡಿ ಕೌಂಟರಿನಲ್ಲಿ ಕಾರ್ಡ್ ನಡೆಯದಿದ್ದರೆ ಎಲ್ಲ ವ್ಯರ್ಥ. ಹೋಬಳಿ ಮಟ್ಟದ ಹೆಚ್ಚಿನ ಕಿರಾಣಿ ಅಂಗಡಿಗಳಲ್ಲಿ ಇರೋದು ಕ್ಯೂಆರ್ ಕೋಡ್ ಮತ್ತು ‘ಹಣ ಸ್ವೀಕರಿಸಲಾಗಿದೆ’ ಅಂತ ಕೂಗೋ ಡಬ್ಬಿ. ಸ್ವೈಪಿಂಗ್ ಮಷಿನ್ ಇರೋದು ಕಡಿಮೆ. ವೀಸಾ, ಮಾಸ್ಟರ್‌ಕಾರ್ಡ್ ಎಷ್ಟೇ ಕ್ಯಾಶ್‌ಬ್ಯಾಕ್ ಕೊಟ್ಟರೂ ಇಂಥ ಅಂಗಡಿಯಲ್ಲಿ ಜೇಬಿನಿಂದ ತೆಗೆಯೋ ಹಾಗಿಲ್ಲ.

ಕ್ಯೂಆರ್ ಸ್ಕ್ಯಾನ್ ಮಾಡಿ ಕ್ರೆಡಿಟ್ ಕಾರ್ಡ್‌ನಿಂದ ದುಡ್ಡು ಕಟ್ಟೋಕೆ ರುಪೇ ಕ್ರೆಡಿಟ್ ಕಾರ್ಡ್ ಬೇಕು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶ ಕೊಡುವುದಾಗಿ ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ಪ್ರಕಟಿಸಿತು. ಸೆಪ್ಟೆಂಬರ್‌ನಲ್ಲಿ ಸೌಲಭ್ಯ ಶುರುವಾಯಿತು. ಇದರಲ್ಲಿ ಗಮನಿಸಬೇಕಾದ್ದು ಮೂರು:

- ಅಂಗಡಿಯ ವ್ಯಾಪಾರಿ ಕ್ಯೂಆರ್‌ಗೆ ಮಾತ್ರ ಕಟ್ಟಬಹುದು. ಅಂಗಡಿಯವರು ತಮ್ಮ ಸ್ವಂತ ನಂಬರಿನ ಕ್ಯೂಆರ್ ಅಂಟಿಸಿದ್ದರೆ ಕ್ರೆಡಿಟ್ ಕಾರ್ಡ್ ಹೋಗಲ್ಲ. ಸಂತೆಯಲ್ಲಿ ಸೊಪ್ಪು ಮಾರುವವರ ಫೋನಿಗೆ, ನೆಂಟರಿಗೆ ಕಳಿಸೋಕೂ ಆಗಲ್ಲ.
- ಎಲ್ಲ ರುಪೇ ಕಾರ್ಡ್‌ಗಳೂ ಯುಪಿಐ ಪಾವತಿಗೆ ಕ್ಯಾಶ್‌ಬ್ಯಾಕ್ ಕೊಡಲ್ಲ. ಕೆಲವು ಕಡಿಮೆ ಕೊಡ್ತವೆ, ಕೆಲವು ಏನೂ ಕೊಡಲ್ಲ. ಅರ್ಜಿ ಹಾಕೋ ಮುಂಚೆ ‘ಯುಪಿಐಗೆ ಎಷ್ಟು?’ ಅಂತಲೇ ನೇರವಾಗಿ ಕೇಳಿ.
- ಬ್ಯಾಂಕ್ ಖಾತೆಯಿಂದ ಯುಪಿಐ ಮಾಡೋದಕ್ಕೂ ಕ್ರೆಡಿಟ್ ಕಾರ್ಡ್‌ನಿಂದ ಮಾಡೋದಕ್ಕೂ ಪಿನ್ ಬೇರೆ, ಲೆಕ್ಕ ಬೇರೆ. ಒಂದೇ ಆ್ಯಪ್‌ನಲ್ಲಿ ಎರಡೂ ಕಾಣೋದರಿಂದ ಯಾವುದರಿಂದ ಹೋಯಿತು ಅಂತ ನೋಡಿಕೊಳ್ಳಬೇಕು.

ಇನ್ನು ‘ದಿನಸಿಗೆ ವಿಶೇಷ ಕ್ಯಾಶ್‌ಬ್ಯಾಕ್’ ಅನ್ನೋ ಕಾರ್ಡ್‌ಗಳ ಗುಟ್ಟು ಅಂಗಡಿಯ ಕೋಡ್‌ನಲ್ಲಿದೆ. ಪ್ರತಿ ವ್ಯಾಪಾರಿಗೂ ಬ್ಯಾಂಕ್ ನಾಲ್ಕು ಅಂಕಿಯ ಒಂದು ವರ್ಗ ಸಂಖ್ಯೆ ಕೊಟ್ಟಿರುತ್ತೆ. ದಿನಸಿ ಅಂಗಡಿ, ಸೂಪರ್‌ಮಾರ್ಕೆಟ್‌ಗೆ 5411. ಬೇಕರಿಗೆ 5462. ಬಟ್ಟೆ, ಪಾತ್ರೆ, ದಿನಸಿ ಎಲ್ಲ ಮಾರುವ ದೊಡ್ಡ ಮಳಿಗೆ ಡಿಪಾರ್ಟ್‌ಮೆಂಟ್ ಸ್ಟೋರ್ ಅಂತ 5311ರಲ್ಲಿ ಇರಬಹುದು. ನೀವು ತಂದದ್ದು ಅಕ್ಕಿ ಬೇಳೆಯೇ ಆದರೂ ಅಂಗಡಿ ಬೇರೆ ವರ್ಗದಲ್ಲಿದ್ದರೆ ದಿನಸಿಯ ಕ್ಯಾಶ್‌ಬ್ಯಾಕ್ ಬರಲ್ಲ. ಮೊದಲ ತಿಂಗಳು ಇನ್ನೂರು ಮುನ್ನೂರು ರೂಪಾಯಿಗೆ ಒಂದು ಸಲ ಕಟ್ಟಿ, ಬಿಲ್‌ನಲ್ಲಿ ಕ್ಯಾಶ್‌ಬ್ಯಾಕ್ ಬಂತಾ ಅಂತ ನೋಡೋದು ಸುಲಭದ ದಾರಿ.

ಆನ್‌ಲೈನ್ ನಂಬಿಕೊಂಡು ಫೀ ಕಾರ್ಡ್ ತಗೊಳ್ಳೋರು ಮೊದಲು ಆ ಆ್ಯಪ್‌ನಲ್ಲಿ ತಮ್ಮ ಪಿನ್‌ಕೋಡ್ ಹಾಕಿ ನೋಡಬೇಕು. ಶ್ರೀರಂಗಪಟ್ಟಣ 571438, ಪಾಂಡವಪುರ 571434, ಕೆ.ಆರ್.ಪೇಟೆ 571426, ನಾಗಮಂಗಲ 571432. ಹಳ್ಳಿಯವರಿಗೆ ಬೇರೆ ಕೋಡ್ ಇರಬಹುದು. ಸೋಪು, ಶಾಂಪೂ ಕಳಿಸೋ ಕಂಪನಿ ಅಕ್ಕಿ, ಎಣ್ಣೆ, ತರಕಾರಿ ಕಳಿಸದೇ ಇರಬಹುದು. ಡೆಲಿವರಿ ಚಾರ್ಜ್ 40 ರೂ. ಹಾಕಿದರೆ 800 ರೂಪಾಯಿ ಸಾಮಾನಿನ ಶೇ. 5 ಅಲ್ಲಿಗೇ ಮುಗೀತು.

ಮೈಸೂರಿನ ಡಿ-ಮಾರ್ಟ್‌ನಂಥ ಮಳಿಗೆಗೆ ಹೋಗಿ ತರೋದು ಶ್ರೀರಂಗಪಟ್ಟಣದವರಿಗೆ ಹತ್ತಿರ. ಕೆ.ಆರ್.ಪೇಟೆ, ನಾಗಮಂಗಲದಿಂದ ಮೈಸೂರು ಐವತ್ತು ಕಿಲೋಮೀಟರ್‌ಗೂ ಹೆಚ್ಚು. ಬೇರೆ ಕೆಲಸಕ್ಕೆ ಹೋದಾಗ ತಂದರೆ ಸರಿ, ಶೇ. 1 ಕ್ಯಾಶ್‌ಬ್ಯಾಕ್‌ಗಾಗಿ ಕಾರು ಹತ್ತಿದರೆ ಪೆಟ್ರೋಲ್ ದುಡ್ಡೂ ಹುಟ್ಟಲ್ಲ.

‘ಕಾರ್ಡ್ ಆದ್ರೆ ಶೇ. 2 ಜಾಸ್ತಿ’ ಅಂದರೆ?

ಶೇ. 1 ಕ್ಯಾಶ್‌ಬ್ಯಾಕ್ ಪಡೆಯೋಕೆ ಶೇ. 2 ಹೆಚ್ಚುವರಿ ಕೊಟ್ಟರೆ ನಷ್ಟ. ಮೇಲಿನ ನಾಗಮಂಗಲದ ಮನೆ ಹಾಗೆ ಕೊಡುತ್ತಾ ಹೋದರೆ ವರ್ಷಕ್ಕೆ 1,440 ರೂ. ಕಳಕೊಳ್ಳುತ್ತೆ. ಗ್ರಾಹಕರಿಂದ ಹೀಗೆ ಹೆಚ್ಚುವರಿ ವಸೂಲಿ ಮಾಡಬಾರದು ಅನ್ನೋದು ಕಾರ್ಡ್ ಮಷಿನ್ ಕೊಡುವ ಬ್ಯಾಂಕಿನ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತೆ. ಆದರೆ ಅಂಗಡಿಯವರ ಕಷ್ಟವೂ ಸುಳ್ಳಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಬ್ಯಾಂಕ್ ವ್ಯಾಪಾರಿಯಿಂದ ಎಂಡಿಆರ್ ಅನ್ನೋ ಶುಲ್ಕ ಹಿಡಿದುಕೊಳ್ಳುತ್ತೆ. ಸಕ್ಕರೆ, ಎಣ್ಣೆಯಂಥ ಸಾಮಾನಿನಲ್ಲಿ ಉಳಿಯೋದೇ ಕಡಿಮೆ. ಅದರಲ್ಲಿ ಒಂದೂವರೆ, ಎರಡು ರೂಪಾಯಿ ಬ್ಯಾಂಕಿಗೆ ಹೋದರೆ ವ್ಯಾಪಾರಿಗೆ ಏನು ಉಳಿದೀತು?

ಇಂಥ ಕಡೆ ಜಗಳಕ್ಕಿಂತ ಲೆಕ್ಕ ಒಳ್ಳೆಯದು. ನಗದು ಕೊಟ್ಟರೆ ನೂರಕ್ಕೆ ಎರಡು ರೂಪಾಯಿ ಕಮ್ಮಿ ಮಾಡಿಕೊಡುವ ಅಂಗಡಿ ಇದ್ದರೆ ಅದು ಶೇ. 2 ಕ್ಯಾಶ್‌ಬ್ಯಾಕ್ ಕೊಡುವ, ಫೀ ಇಲ್ಲದ, ಬಡ್ಡಿ ಇಲ್ಲದ ಕಾರ್ಡ್ ಇದ್ದ ಹಾಗೆ.

ಅಂಗಡಿಯವರು ತಿಳಿದಿರಬೇಕಾದ್ದು

- ಗ್ರಾಹಕರ ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್‌ಗೆ 2020ರ ಜನವರಿಯಿಂದ ಎಂಡಿಆರ್ ಇಲ್ಲ.
- ರುಪೇ ಕ್ರೆಡಿಟ್ ಕಾರ್ಡ್‌ನಿಂದ ಯುಪಿಐ ಮೂಲಕ ಬಂದರೆ, ಸಣ್ಣ ವ್ಯಾಪಾರಿಗಳಿಗೆ 2,000 ರೂ. ವರೆಗಿನ ಪಾವತಿಗೆ ಎಂಡಿಆರ್ ಇಲ್ಲ ಅಂತ 2022ರ ಅಕ್ಟೋಬರ್‌ನಲ್ಲಿ ಎನ್‌ಪಿಸಿಐ ಹೇಳಿದೆ. ಅದರ ಮೇಲಿನ ಮೊತ್ತಕ್ಕೆ ಶುಲ್ಕ ಬೀಳಬಹುದು. ನಿಮ್ಮ ಕ್ಯೂಆರ್ ಕೊಟ್ಟ ಕಂಪನಿ ಎಷ್ಟು ಹಿಡಿಯುತ್ತಿದೆ ಅಂತ ಆ್ಯಪ್‌ನ ಸೆಟಲ್‌ಮೆಂಟ್ ಪಟ್ಟಿಯಲ್ಲಿ ನೋಡಿ.
- 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಅನ್ನೋ ಚೀಟಿ ಬಿತ್ತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ರೂ. ವಹಿವಾಟು. ಈ ಮಿತಿಗೆ ನಗದು, ಯುಪಿಐ, ಕಾರ್ಡ್ ಎಲ್ಲವೂ ಸೇರುತ್ತೆ. ಗ್ರಾಹಕ ಯಾವ ಕಾರ್ಡ್‌ನಿಂದ ಕೊಟ್ಟ ಅನ್ನೋದರಿಂದ ತೆರಿಗೆ ಬದಲಾಗಲ್ಲ. ಲೆಕ್ಕದ ಪುಸ್ತಕ ಸರಿ ಇರಬೇಕು ಅಷ್ಟೇ.
- ಸ್ವಂತ ಕ್ಯಾಶ್‌ಬ್ಯಾಕ್ ಕಾರ್ಡ್‌ನಿಂದ ಅಂಗಡಿಗೆ ಸ್ಟಾಕ್ ತರಿಸೋ ಯೋಚನೆ ಇದ್ದರೆ ಷರತ್ತು ಓದಿ. ಮನೆ ಬಳಕೆಯ ಕಾರ್ಡನ್ನು ವ್ಯಾಪಾರಕ್ಕೆ ಬಳಸಿದರೆ ಕ್ಯಾಶ್‌ಬ್ಯಾಕ್ ತಡೆಹಿಡಿಯುವ ಹಕ್ಕನ್ನು ಬ್ಯಾಂಕುಗಳು ಇಟ್ಟುಕೊಂಡಿರುತ್ತವೆ.
- ಪರಿಚಯದವರ ಕಾರ್ಡ್ ಉಜ್ಜಿ ಸಾಮಾನು ಕೊಡದೆ ನಗದು ಕೊಡೋದು ನಿಯಮಕ್ಕೆ ವಿರುದ್ಧ. ಮಷಿನ್ ಹೋಗುತ್ತೆ, ಜೊತೆಗೆ ಕೇಸಿನ ಭಯ.

ಕಬ್ಬಿನ ಬಿಲ್ ಬಂದಾಗ ಕಟ್ಟೋಣ ಅಂದ್ರೆ ಆಗಲ್ಲ

ಈ ನಾಲ್ಕು ತಾಲ್ಲೂಕಿನಲ್ಲಿ ಕಾರ್ಡ್ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲೇ ಇರೋದು. ಸಂಬಳದವರಿಗೆ ತಿಂಗಳಿಗೊಂದು ತಾರೀಖು ಇರುತ್ತೆ. ರೈತರ ಮನೆಗೆ ಹಾಲಿನ ಬಟವಾಡೆ ಆಗಾಗ ಬರುತ್ತೆ, ಭತ್ತದ ದುಡ್ಡು ಕಟಾವಿನ ಮೇಲೆ, ಕಬ್ಬಿನ ದುಡ್ಡು ಕಾರ್ಖಾನೆ ಕೊಟ್ಟಾಗ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು. ಕಾಗದದಲ್ಲಿ ಹಾಗಿದ್ದರೂ ಬಾಕಿಗಾಗಿ ಕಾದು ಕೂತ ಅನುಭವ ಜಿಲ್ಲೆಯ ಬೆಳೆಗಾರರಿಗೆ ಹೊಸದಲ್ಲ.

ಕ್ರೆಡಿಟ್ ಕಾರ್ಡ್‌ನ ಬಡ್ಡಿ ಕಾಯಲ್ಲ. ಹಲವು ಕಾರ್ಡ್‌ಗಳಲ್ಲಿ ಅದು ತಿಂಗಳಿಗೆ ಶೇ. 3.5ರಿಂದ 3.75, ಅಂದರೆ ವರ್ಷಕ್ಕೆ ಶೇ. 42ರಿಂದ 45. ಕಾರ್ಡ್ ಬಡ್ಡಿ ಶೇ. 30 ಮೀರಬಾರದು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿದೆ. ಹಾಗಾಗಿ ಶೇ. 30ರ ಆ ಮಿತಿ ಈಗ ಇಲ್ಲ.

ಒಂದು ತಿಂಗಳ ಲೆಕ್ಕ ನೋಡಿ. ದಿನಸಿ ಬಿಲ್ 9,000 ರೂ. ಕ್ಯಾಶ್‌ಬ್ಯಾಕ್ ಶೇ. 1, ಅಂದರೆ 90 ರೂ. ಬಿಲ್‌ನಲ್ಲಿ ‘ಮಿನಿಮಮ್ ಡ್ಯೂ 450’ ಅಂತ ಇದ್ದದ್ದನ್ನು ನೋಡಿ ಅಷ್ಟೇ ಕಟ್ಟಿದರು ಅಂತಿಟ್ಟುಕೊಳ್ಳಿ. ಶೇ. 3.75ರಂತೆ ಒಂದು ತಿಂಗಳ ಬಡ್ಡಿ ಸುಮಾರು 337 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ಸುಮಾರು 398 ರೂ. ನಾಲ್ಕು ತಿಂಗಳಿಗೂ ಹೆಚ್ಚಿನ ಕ್ಯಾಶ್‌ಬ್ಯಾಕ್ ಒಂದೇ ತಿಂಗಳಲ್ಲಿ ಹೋಯಿತು. ಅಷ್ಟಕ್ಕೇ ನಿಲ್ಲಲ್ಲ. ಪೂರ್ತಿ ಕಟ್ಟದಿದ್ದರೆ ಬಡ್ಡಿ ರಹಿತ ಅವಧಿಯೇ ಹೋಗುತ್ತೆ. ಮುಂದಿನ ತಿಂಗಳು ತಂದ ಸಾಮಾನಿಗೆ ತಂದ ದಿನದಿಂದಲೇ ಬಡ್ಡಿ. ಮಿನಿಮಮ್ ಕೂಡ ಕಟ್ಟದಿದ್ದರೆ ಲೇಟ್ ಫೀ ಬೇರೆ.

ಬಾಕಿ ಉಳಿದ ವಿಷಯ ಸಿಬಿಲ್‌ನಂಥ ಸಂಸ್ಥೆಗಳಿಗೆ ಹೋಗುತ್ತೆ. ನಾಳೆ ಬೆಳೆ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಮಗಳ ಓದಿನ ಸಾಲಕ್ಕೋ ಬ್ಯಾಂಕಿಗೆ ಹೋದಾಗ ಅಲ್ಲಿ ಮೊದಲು ತೆಗೆದು ನೋಡೋದು ಆ ಸ್ಕೋರ್. ಒಂಬತ್ತು ಸಾವಿರದ ದಿನಸಿ ಬಾಕಿ ಐದು ಲಕ್ಷದ ಸಾಲಕ್ಕೆ ಅಡ್ಡ ಬರಬಹುದು.

ಆದ್ದರಿಂದ ಹೊಲದ ಆದಾಯದ ಮನೆಯವರಿಗೆ ಕಾರ್ಡ್ ಬೇಕೇ ಬೇಕು ಅನಿಸಿದರೆ ಒಂದು ಉಪಾಯ: ಕಾರ್ಡ್‌ನಿಂದ ಕಟ್ಟಿದ ದಿನವೇ ಅಷ್ಟು ದುಡ್ಡನ್ನು ಉಳಿತಾಯ ಖಾತೆಯಲ್ಲಿ ಮುಟ್ಟದೆ ಬಿಡೋದು. ಬಿಲ್ ತಾರೀಖಿಗೆ ಪೂರ್ತಿ ಮೊತ್ತ ಆಟೊ ಡೆಬಿಟ್ ಆಗುವಂತೆ ಹೇಳೋದು. ‘ಮಿನಿಮಮ್’ ಆಯ್ಕೆ ಮಾಡಬಾರದು, ‘ಟೋಟಲ್’ ಆಯ್ಕೆ ಮಾಡಬೇಕು. ಬಿಲ್ಲಿಂಗ್ ತಾರೀಖನ್ನು ಒಂದು ಸಲವಾದರೂ ಬದಲಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಕೊಟ್ಟಿದೆ. ಸಂಬಳವೋ ಬಟವಾಡೆಯೋ ಕೈಗೆ ಬರುವ ದಿನಕ್ಕೆ ಹೊಂದಿಸಿಕೊಳ್ಳಬಹುದು.

ಉದ್ರಿ ಪುಸ್ತಕಕ್ಕೆ ಕಾರ್ಡ್ ಬದಲಿಯಾ?

ಊರಿನ ಅಂಗಡಿಯ ಉದ್ರಿ ಪುಸ್ತಕವೂ ಒಂದು ತರದ ಕ್ರೆಡಿಟ್ ಕಾರ್ಡೇ. ಅಲ್ಲಿ ಕ್ಯಾಶ್‌ಬ್ಯಾಕ್ ಇಲ್ಲ, ಆದರೆ ಚಕ್ರಬಡ್ಡಿಯೂ ಇಲ್ಲ, ಲೇಟ್ ಫೀ ಇಲ್ಲ. ‘ಬಿಲ್ ಬರೋದು ತಡ ಆಯ್ತಣ್ಣ’ ಅಂದರೆ ಅಂಗಡಿಯಣ್ಣ ಇನ್ನೊಂದು ತಿಂಗಳು ಕಾಯಬಹುದು. ಕಾರ್ಡ್ ಕಂಪನಿಯ ಕಂಪ್ಯೂಟರಿಗೆ ಅಣ್ಣ ತಮ್ಮ ಅಂತ ಇಲ್ಲ. ಇನ್ನೊಂದು ಕಡೆ, ಉದ್ರಿ ತರೋರಿಗೆ ರೇಟಿನಲ್ಲಿ ಚೌಕಾಸಿ ಮಾಡೋ ಬಾಯಿ ಇರಲ್ಲ. ಉದ್ರಿ ಕೊಟ್ಟ ವ್ಯಾಪಾರಿಯ ಬಂಡವಾಳವೂ ಸಿಕ್ಕಿಹಾಕಿಕೊಳ್ಳುತ್ತೆ. ಕಾರ್ಡ್‌ನಿಂದ ಬಂದರೆ ಅವರಿಗೆ ದುಡ್ಡು ಬೇಗ ಖಾತೆಗೆ ಸೇರುತ್ತೆ. ತಿಂಗಳಿಗೆ ತಪ್ಪದೆ ಕಟ್ಟುವ ಮನೆಗೆ ಕಾರ್ಡ್ ಸರಿ. ಸುಗ್ಗಿಗೆ ಕಟ್ಟುವ ಮನೆಗೆ ಉದ್ರಿ ಪುಸ್ತಕವೇ ಅಗ್ಗ.

ಅಮೆರಿಕದ ಮಕ್ಕಳು ಹೇಳೋ ಶೇ. 6

ಅಮೆರಿಕದಲ್ಲಿರುವ ಮಗನೋ ಮಗಳೋ ‘ನಮಗೆ ದಿನಸಿಗೆ ಶೇ. 6 ವಾಪಸ್ ಬರುತ್ತೆ’ ಅಂದರೆ ಅದು ಸುಳ್ಳಲ್ಲ. ಅಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯದು ಎರಡು ಕಾರ್ಡ್ ಇವೆ. ವರ್ಷಕ್ಕೆ 95 ಡಾಲರ್ ಫೀ ಇರುವ ಬ್ಲೂ ಕ್ಯಾಶ್ ಪ್ರಿಫರ್ಡ್, ಸೂಪರ್‌ಮಾರ್ಕೆಟ್‌ಗೆ ಶೇ. 6 ಕೊಡುತ್ತೆ. ಫೀ ಇಲ್ಲದ ಬ್ಲೂ ಕ್ಯಾಶ್ ಎವ್ರಿಡೇ ಶೇ. 3 ಕೊಡುತ್ತೆ. ಎರಡಕ್ಕೂ ವರ್ಷಕ್ಕೆ 6,000 ಡಾಲರ್ ಖರೀದಿವರೆಗೆ ಮಾತ್ರ ಈ ದರ, ಮೇಲೆ ಶೇ. 1. ಇಲ್ಲಿನ ಸೂತ್ರವನ್ನೇ ಅಲ್ಲಿಗೂ ಹಾಕಿದರೆ 95ನ್ನು ಶೇ. 3ರಿಂದ ಭಾಗಿಸಿ ಸುಮಾರು 3,167 ಡಾಲರ್. ವಾರಕ್ಕೆ 61 ಡಾಲರ್‌ಗಿಂತ ಹೆಚ್ಚು ದಿನಸಿ ತರುವ ಮನೆಗೆ ಫೀ ಕಾರ್ಡ್ ಲಾಭ. ಅಲ್ಲೂ ವಾಲ್‌ಮಾರ್ಟ್‌ನಂಥ ದೊಡ್ಡ ಮಳಿಗೆ, ಕಾಸ್ಟ್‌ಕೋದಂಥ ಸದಸ್ಯತ್ವದ ಮಳಿಗೆಗೆ ಈ ದರ ಸಿಗಲ್ಲ. ಅವರ ಸಲಹೆ ಅವರ ಊರಿಗೆ ಸರಿ. ಎಲ್ಲ ಅಂಗಡಿಯಲ್ಲೂ ಕಾರ್ಡ್ ಉಜ್ಜುವ ಊರಿನ ಲೆಕ್ಕವನ್ನು ಬೆಳ್ಳೂರು ಕ್ರಾಸ್‌ಗೆ ಹಾಗೇ ತರೋಕೆ ಆಗಲ್ಲ.

ಗ್ರಾಹಕರ ಹಕ್ಕು: ರಿಸರ್ವ್ ಬ್ಯಾಂಕ್ ಹೇಳಿರೋದು

2022ರಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿರ್ದೇಶನದ ಮುಖ್ಯ ಅಂಶಗಳು:

- ಕೇಳದೇ ಕಾರ್ಡ್ ಕಳಿಸುವಂತಿಲ್ಲ.
- ಒಪ್ಪಿಗೆ ಇಲ್ಲದೆ ಕ್ರೆಡಿಟ್ ಮಿತಿ ಏರಿಸುವಂತಿಲ್ಲ.
- 30 ದಿನ ಕಾರ್ಡ್ ಚಾಲೂ ಮಾಡದಿದ್ದರೆ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಗದಿದ್ದರೆ 7 ಕೆಲಸದ ದಿನದಲ್ಲಿ ಶುಲ್ಕವಿಲ್ಲದೆ ಮುಚ್ಚಬೇಕು.
- ಬಾಕಿ ಏನೂ ಇಲ್ಲದೆ ಕಾರ್ಡ್ ಮುಚ್ಚಿ ಅಂತ ಕೇಳಿದರೆ 7 ಕೆಲಸದ ದಿನದಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂ.ನಂತೆ ಗ್ರಾಹಕರಿಗೆ ಕೊಡಬೇಕು.
- ಗಡುವು ಮುಗಿದು ಮೂರು ದಿನ ಮೀರಿದ ಮೇಲಷ್ಟೇ ಬಾಕಿದಾರ ಅಂತ ವರದಿ ಮಾಡಿ ಲೇಟ್ ಫೀ ಹಾಕಬಹುದು.

ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಿ. ‘ಕಾರ್ಡ್ ಆ್ಯಕ್ಟಿವೇಟ್ ಮಾಡ್ತೀವಿ, ಒಟಿಪಿ ಹೇಳಿ’ ಅಂತ ಕೇಳಿ ಯಾರಾದರೂ ಹಣ ಎಗರಿಸಿದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ.

ಜನ ಕೇಳುವ ಪ್ರಶ್ನೆಗಳು

*ಸಂಬಳದ ಚೀಟಿ ಇಲ್ಲ, ಕಾರ್ಡ್ ಸಿಗುತ್ತಾ?*
ಎಫ್‌ಡಿ ಇಟ್ಟರೆ ಅದರ ಆಧಾರದ ಮೇಲೆ ಕಾರ್ಡ್ ಕೊಡುವ ಬ್ಯಾಂಕುಗಳಿವೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತೆ. ಬಾಕಿ ಉಳಿಸಿದರೆ ಬ್ಯಾಂಕ್ ಎಫ್‌ಡಿಯಿಂದ ಮುರಿದುಕೊಳ್ಳುತ್ತೆ ಅನ್ನೋದು ನೆನಪಿರಲಿ.

*ಎಟಿಎಂನಲ್ಲಿ ನಗದು ತೆಗೆಯಬಹುದಾ?*
ಆಗುತ್ತೆ, ಆದರೆ ತೆಗೆದ ದಿನದಿಂದಲೇ ಬಡ್ಡಿ, ಜೊತೆಗೆ ಬೇರೆ ಶುಲ್ಕ. ಕ್ಯಾಶ್‌ಬ್ಯಾಕ್ ಇಲ್ಲ. ಆ ಕಡೆ ಹೋಗದಿರೋದೇ ಒಳ್ಳೆಯದು.

*ಪಾಯಿಂಟ್ಸ್ ಕೊಡುವ ಕಾರ್ಡ್ ಮತ್ತು ಕ್ಯಾಶ್‌ಬ್ಯಾಕ್ ಒಂದೇನಾ?*
ಅಲ್ಲ. ಒಂದು ಪಾಯಿಂಟ್‌ಗೆ ಎಷ್ಟು ಪೈಸೆ ಅಂತ ಕೇಳಬೇಕು. ಪಾಯಿಂಟ್ ಬಿಡಿಸಿಕೊಳ್ಳೋಕೆ ಕೆಲವು ಬ್ಯಾಂಕು 99 ರೂ. ಮತ್ತು ಜಿಎಸ್‌ಟಿ ಹಿಡಿಯುತ್ತವೆ. ದಿನಸಿಗೆ ನೇರವಾಗಿ ಬಿಲ್‌ನಲ್ಲಿ ಕಡಿತವಾಗುವ ಕ್ಯಾಶ್‌ಬ್ಯಾಕ್ ಸರಳ.

*ಫೀ ಕಾರ್ಡ್ ಈಗಾಗಲೇ ತಗೊಂಡಾಗಿದೆ, ಏನು ಮಾಡೋದು?*
ಕಳೆದ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಬಂದ ಕ್ಯಾಶ್‌ಬ್ಯಾಕ್ ಕೂಡಿಸಿ. ತೆರಿಗೆ ಸೇರಿದ ಫೀಗಿಂತ ಕಡಿಮೆ ಇದ್ದರೆ ಮುಂದಿನ ಫೀ ಬೀಳೋ ಮುಂಚೆ ಕಸ್ಟಮರ್ ಕೇರ್‌ಗೆ ಕರೆ ಮಾಡಿ ಫೀ ಇಲ್ಲದ ಕಾರ್ಡ್‌ಗೆ ಬದಲಿಸಿಕೊಡಿ ಅಂತ ಕೇಳಿ. ಆಗಲ್ಲ ಅಂದರೆ ಬಾಕಿ ತೀರಿಸಿ ಮುಚ್ಚಿಸಿ.

ಸಹಿ ಹಾಕೋ ಮುಂಚೆ ಕೇಳಬೇಕಾದ ಆರು ಪ್ರಶ್ನೆ

1. ಎರಡನೇ ವರ್ಷದಿಂದ ಫೀ ಎಷ್ಟು, ತೆರಿಗೆ ಸೇರಿ?
2. ಅಂಗಡಿಯಲ್ಲಿ ಉಜ್ಜಿದರೆ ಎಷ್ಟು, ಯುಪಿಐಗೆ ಎಷ್ಟು, ಆನ್‌ಲೈನ್‌ಗೆ ಎಷ್ಟು?
3. ತಿಂಗಳಿಗೆ ಗರಿಷ್ಠ ಎಷ್ಟು ಕ್ಯಾಶ್‌ಬ್ಯಾಕ್?
4. ಯಾವ ಖರ್ಚಿಗೆ ಕ್ಯಾಶ್‌ಬ್ಯಾಕ್ ಇಲ್ಲ? ಪೆಟ್ರೋಲ್, ಬಾಡಿಗೆ, ವ್ಯಾಲೆಟ್‌ಗೆ ಹಾಕುವ ದುಡ್ಡು ಹಲವು ಕಾರ್ಡ್‌ಗಳಲ್ಲಿ ಹೊರಗೆ.
5. ಕಾರ್ಡ್ ರುಪೇನಾ, ವೀಸಾನಾ?
6. ಬಡ್ಡಿ ತಿಂಗಳಿಗೆ ಶೇಕಡಾ ಎಷ್ಟು?

ಕಾರ್ಡ್‌ಗಳ ಷರತ್ತು ಕಾಲಕಾಲಕ್ಕೆ ಬದಲಾಗುತ್ತೆ. ಇಲ್ಲಿ ಹೆಸರಿಸಿದ ಕಾರ್ಡ್‌ಗಳ ದರವನ್ನೂ ಅರ್ಜಿ ಹಾಕುವ ದಿನ ಬ್ಯಾಂಕಿನ ಮುಖ್ಯ ಷರತ್ತುಗಳ ಪತ್ರದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಏಜೆಂಟ್ ಬಾಯಲ್ಲಿ ಹೇಳಿದ್ದು ಆ ಪತ್ರದಲ್ಲಿ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.